ಚಿನ್ನ ಹುಡುಕಿದ ವಾರನ್, ತೂಗುವ ಲೋಲಕ ಮತ್ತು ನಂದಿದುರ್ಗದ ಆಳ

ಕೆಜಿಎಫ್ ಅಂದ ಕೂಡಲೇ ಅರ್ಧ ಜನಕ್ಕೆ ಯಶ್ ನೆನಪಾಗ್ತಾರೆ, ಇನ್ನರ್ಧ ಜನಕ್ಕೆ ಚಿನ್ನ. ಇವತ್ತಿನ ಸಂಚಿಕೇಲಿ ಯಶ್ ಇಲ್ಲ, ಚಿನ್ನ ಸ್ವಲ್ಪ ಬಂದು ಹೋಗುತ್ತೆ. ಇವತ್ತಿನ ವಿಷಯ ಒಂದು ದಾರ, ಅದರ ತುದಿಗೆ ಕಟ್ಟಿದ ಒಂದು ಗುಂಡು. ಕನ್ನಡದಲ್ಲಿ ಲೋಲಕ ಅಂತೀವಿ. ಪಿಯುಸಿ ಸೈನ್ಸ್ ತಗೊಂಡವರು ಲ್ಯಾಬ್‌ನಲ್ಲಿ ಇದನ್ನ ತೂಗಾಡಿಸಿ, ಇಪ್ಪತ್ತು ಸಲ ಎಣಿಸಿ, ರೆಕಾರ್ಡ್ ಬುಕ್‌ನಲ್ಲಿ ಬರೆದಿರ್ತೀರಿ. ನಾನು ಬಿಕಾಂ. ನಾನು ಇದನ್ನ ಓದಿದ್ದು ಇತ್ತೀಚೆಗೆ, ಅದೂ ಕೆಜಿಎಫ್ ಇತಿಹಾಸ ಹುಡುಕ್ತಾ ಹೋದಾಗ. ಚಿನ್ನದ ಕಥೇಲಿ ಬರೋ ಒಬ್ಬ ಮನುಷ್ಯನೇ ಲೋಲಕದ ಕಥೇಲೂ ಬರ್ತಾನೆ.

ಅವನ ಹೆಸರು ಜಾನ್ ವಾರನ್. ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟಿನ ಲೆಫ್ಟಿನೆಂಟ್. ಹೆಸರು ಇಂಗ್ಲಿಷು, ಮನೆತನ ಐರ್ಲೆಂಡ್ ಮೂಲದ ಫ್ರೆಂಚ್ ಕುಟುಂಬ, ಹುಟ್ಟಿದ್ದು ಇಟಲೀಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ತೀರಿಕೊಂಡ, ಮೈಸೂರು ರಾಜ್ಯದ ಗಡಿ ಹೊಸದಾಗಿ ಎಳೆಯಬೇಕಾಯ್ತು. ಪೂರ್ವದ ಗಡಿ ಸರ್ವೆ ಮಾಡೋ ಕೆಲಸ ವಾರನ್ ಪಾಲಿಗೆ ಬಂತು. 1802ರಲ್ಲಿ ಕೋಲಾರದ ಈ ಕಡೆ ಓಡಾಡ್ತಾ ಇದ್ದಾಗ, ಇಲ್ಲಿ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂತ ಸಾರಿಸಿದ. ಉರಿಗಾಂ ಕಡೆಯ ಹಳ್ಳಿಯವರು ಗಾಡೀಲಿ ಮಣ್ಣು ತುಂಬಿಕೊಂಡು ಬಂದು, ಅವನೆದುರೇ ತೊಳೆದು, ಚಿನ್ನದ ಕಣ ತೋರಿಸಿದ್ರು ಅಂತ ಕಥೆ. ಸಾಮಾನ್ಯವಾಗಿ ಉಲ್ಲೇಖ ಆಗೋ ಲೆಕ್ಕ: 56 ಕೆಜಿ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಒಂದು ಗ್ರೇನ್ ಅಂದ್ರೆ 65 ಮಿಲಿಗ್ರಾಂ. ಒಂದು ಟನ್‌ಗೆ ಒಂದು ಗ್ರಾಂ ಚಿಲ್ಲರೆ ಬಿತ್ತು. ಬಿಕಾಂ ಓದಿದವನು ಭಾಗಾಕಾರ ಮಾಡದೆ ಮುಂದೆ ಹೋಗಲ್ಲ, ಕ್ಷಮಿಸಿ.

ಚಿನ್ನದ ಕಥೆ ಅಲ್ಲಿಂದ ನಿಮಗೆ ಗೊತ್ತಿರೋದೇ. 1870ರ ದಶಕದಲ್ಲಿ ಲಾವೆಲ್ ಬಂದ, 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ವಾರನ್ ಹೆಸರು ಮೊದಲ ಪ್ಯಾರಾದಲ್ಲಿ ಬಂದು ಅಲ್ಲೇ ಮುಗಿಯುತ್ತೆ. ಆಮೇಲೆ ಅವನು ಏನ್ ಮಾಡಿದ ಅಂತ ಕೆಜಿಎಫ್ ಬಗ್ಗೆ ಬರೆಯೋರು ಕೇಳೋದಿಲ್ಲ.

ಅವನು ಲ್ಯಾಂಬ್ಟನ್‌ನ ಸರ್ವೆ ತಂಡದಲ್ಲಿ ದುಡಿದ. 1804ರಲ್ಲಿ ಬೆಂಗಳೂರಿನ ಹತ್ರ ಬೇಸ್‌ಲೈನ್ ಅಳೆದಾಗಲೂ ಇದ್ದ. 1805ರಿಂದ ಕೆಲವು ವರ್ಷ ಮದ್ರಾಸ್ ವೀಕ್ಷಣಾಲಯದ ಉಸ್ತುವಾರಿ ಅವನದ್ದು. ಈ ವೀಕ್ಷಣಾಲಯ ದೂರದ್ದು ಅಂದ್ಕೋಬೇಡಿ. ಅದು ಮುಂದೆ ಕೊಡೈಕೆನಾಲ್‌ಗೆ ಹೋಗಿ, ಕೊನೆಗೆ ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಆಯ್ತು. ಮದ್ರಾಸಲ್ಲಿ ವಾರನ್ ಮಾಡಿದ ಒಂದು ಕೆಲಸ 'ಏಷ್ಯಾಟಿಕ್ ರಿಸರ್ಚಸ್' ಪತ್ರಿಕೆಯ 11ನೇ ಸಂಪುಟದಲ್ಲಿ ಅಚ್ಚಾಯ್ತು: ಸರಿಯಾಗಿ ಒಂದು ಸೆಕೆಂಡಿಗೆ ಒಂದು ಸಲ ತೂಗೋ ಲೋಲಕದ ಉದ್ದ ಮದ್ರಾಸಲ್ಲಿ ಎಷ್ಟು?

ಇದ್ಯಾವ ಪ್ರಶ್ನೆ ಅನ್ಸುತ್ತೆ ಅಲ್ವಾ? ಉದ್ದ ಎಲ್ಲಾ ಕಡೆ ಒಂದೇ ಇರಬೇಕಲ್ಲ? ಇರಲ್ಲ. ಲಂಡನ್‌ನಲ್ಲಿ ಅದು ಸುಮಾರು 99.4 ಸೆಂಟಿಮೀಟರ್, ಮದ್ರಾಸಲ್ಲಿ ಸುಮಾರು 99.1. ಬರೀ ಮೂರು ಮಿಲಿಮೀಟರ್ ವ್ಯತ್ಯಾಸ. ಆದ್ರೆ ಲಂಡನ್‌ನಲ್ಲಿ ಸರಿ ಮಾಡಿದ ಲೋಲಕದ ಗಡಿಯಾರಾನ ಮದ್ರಾಸಿಗೆ ತಂದ್ರೆ ಅದು ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಂದೆ ಬೀಳುತ್ತೆ. ಇದನ್ನ ಮೊದಲು ಗಮನಿಸಿದ್ದು 1672ರಲ್ಲಿ, ಸಮಭಾಜಕದ ಹತ್ರ ಇರೋ ಕಯೆನ್‌ನಲ್ಲಿ, ಜಾನ್ ರಿಷೇ ಅನ್ನೋ ಫ್ರೆಂಚ್ ಖಗೋಳಜ್ಞ. ಭೂಮಿ ಪಕ್ಕಾ ಗುಂಡಗಿಲ್ಲ, ಸಮಭಾಜಕದಲ್ಲಿ ಉಬ್ಬಿದೆ, ಅಲ್ಲಿ ಗುರುತ್ವ ಸ್ವಲ್ಪ ಕಡಿಮೆ. ಲೋಲಕ ಅಷ್ಟನ್ನೂ ಹೇಳಿಬಿಡುತ್ತೆ.

ಒಂದು ದಾರಕ್ಕೆ ಇಷ್ಟೆಲ್ಲಾ ಹೇಗೆ ಗೊತ್ತಾಗುತ್ತೆ? ಇದಕ್ಕೆ ಉತ್ತರ ಬೇಕಾದ್ರೆ ಒಂದು ಸಮೀಕರಣ ಬೇಕು. ಇಲ್ಲಿ ಆಡಿಯೋ ಆಫ್ ಮಾಡಬೇಡಿ. ನಾನೇ ದಾಟಿದೀನಿ, ನೀವೂ ದಾಟ್ತೀರಿ.

ಸ್ಕೂಲಲ್ಲಿ ಹೇಳೋ ದಾರಿ ನ್ಯೂಟನ್‌ದು. ಗುಂಡಿನ ಮೇಲೆ ಯಾವ ಯಾವ ಬಲ ಬೀಳ್ತಾ ಇದೆ ಅಂತ ಬಾಣ ಬರೆದು, ಗುರುತ್ವ ಕೆಳಗೆ, ದಾರದ ಎಳೆತ ಮೇಲಕ್ಕೆ ಓರೆಯಾಗಿ, ಅದನ್ನ ಎರಡು ತುಂಡು ಮಾಡಿ, ಒಂದನ್ನ ಇನ್ನೊಂದರಲ್ಲಿ ಕಳೀಬೇಕು. ತೊಂದರೆ ಏನಂದ್ರೆ ದಾರದ ಎಳೆತ ಎಷ್ಟು ಅಂತ ನಮಗೆ ಗೊತ್ತಿಲ್ಲ, ಅದು ಕ್ಷಣಕ್ಷಣಕ್ಕೂ ಬದಲಾಗ್ತಾ ಇರುತ್ತೆ, ಮತ್ತೆ ಅದು ನಮಗೆ ಬೇಕಾಗೂ ಇಲ್ಲ.

ಈ ಬೇಡದ ಬಲದ ಕಾಟ ತಪ್ಪಿಸಿದ್ದು ಜೋಸೆಫ್ ಲೂಯಿ ಲಗ್ರಾಂಜ್. 1736ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ. ಅವರಪ್ಪ ಸರ್ಕಾರಿ ಖಜಾಂಚಿ, ಸಟ್ಟಾ ವ್ಯವಹಾರದಲ್ಲಿ ಆಸ್ತಿ ಕಳೆದುಕೊಂಡ. ನಾನು ಶ್ರೀಮಂತನಾಗಿದ್ದಿದ್ರೆ ಗಣಿತದ ಕಡೆ ಬರ್ತಾನೇ ಇರಲಿಲ್ಲ ಅಂತ ಮುಂದೆ ಮಗ ಹೇಳಿದ್ದನಂತೆ. ನಮ್ಮ ಕಾಲದ ಆಪ್ಷನ್ಸ್ ಟ್ರೇಡಿಂಗ್ ಅಪ್ಪಂದಿರ ಮಕ್ಕಳು ಗಮನಿಸಿ. ಹತ್ತೊಂಬತ್ತನೇ ವಯಸ್ಸಿಗೆ ಆಯ್ಲರ್‌ನಂಥ ದೈತ್ಯನಿಗೆ ಪತ್ರ ಬರೆದು ಹೊಸ ವಿಧಾನ ತೋರಿಸಿದ. 1788ರಲ್ಲಿ 'ಮೆಕಾನಿಕ್ ಅನಲಿಟಿಕ್' ಅನ್ನೋ ಪುಸ್ತಕ ತಂದ. ಇಡೀ ಪುಸ್ತಕದಲ್ಲಿ ಒಂದೇ ಒಂದು ಚಿತ್ರ ಇಲ್ಲ, ಬಾಣ ಇಲ್ಲ, ಬರೀ ಬೀಜಗಣಿತ. ಮುನ್ನುಡೀಲಿ ಆ ವಿಷಯ ಹೆಮ್ಮೆಯಿಂದ ಹೇಳಿಕೊಂಡಿದಾನೆ.

ವಿಧಾನ ನನ್ನಂಥವನಿಗೆ ಅರ್ಥ ಆದದ್ದು ಹೀಗೆ. ಮೊದಲು, ಈ ವಸ್ತು ಎಲ್ಲಿದೆ ಅಂತ ಹೇಳೋಕೆ ಕನಿಷ್ಠ ಎಷ್ಟು ಸಂಖ್ಯೆ ಬೇಕು ಅಂತ ಕೇಳ್ಕೊಳ್ಳಿ. ಲೋಲಕಕ್ಕೆ ಒಂದೇ ಸಾಕು: ದಾರ ನೆಟ್ಟಗಿನಿಂದ ಎಷ್ಟು ಕೋನ ವಾಲಿದೆ. ದಾರದ ಉದ್ದ ಬದಲಾಗಲ್ಲವಲ್ಲ, ಹಾಗಾಗಿ ಕೋನ ಗೊತ್ತಾದ್ರೆ ಗುಂಡು ಎಲ್ಲಿದೆ ಅಂತ ಗೊತ್ತು. ದಾರದ ಎಳೆತ ಇಲ್ಲಿಗೇ ಲೆಕ್ಕದಿಂದ ಹೊರಗೆ ಹೋಯ್ತು.

ಆಮೇಲೆ ಎರಡು ಖಾತೆ ತೆಗೀರಿ. ಒಂದು ಚಲನಶಕ್ತಿ, ಓಡಾಟದ ಖಾತೆ. ಗುಂಡಿನ ವೇಗ ಅಂದ್ರೆ ಉದ್ದ ಗುಣಿಸು ಕೋನವೇಗ. ಹಾಗಾಗಿ ಚಲನಶಕ್ತಿ: ಅರ್ಧ, ಗುಣಿಸು ರಾಶಿ, ಗುಣಿಸು ಉದ್ದದ ವರ್ಗ, ಗುಣಿಸು ಕೋನವೇಗದ ವರ್ಗ. ಎರಡನೇದು ಪ್ರಚ್ಛನ್ನ ಶಕ್ತಿ, ಎತ್ತರದಲ್ಲಿ ಕೂಡಿಟ್ಟ ಖಾತೆ. ಗುಂಡು ತಳದಿಂದ ಎಷ್ಟು ಮೇಲೆದ್ದಿದೆಯೋ ಅಷ್ಟು: ರಾಶಿ, ಗುಣಿಸು ಜಿ, ಗುಣಿಸು ಉದ್ದ, ಗುಣಿಸು ಒಂದರಲ್ಲಿ ಕೋನದ ಕೊಸೈನ್ ಕಳೆದದ್ದು. ಜಿ ಅಂದ್ರೆ ಗುರುತ್ವದ ವೇಗೋತ್ಕರ್ಷ, ನಮ್ಮ ಕಡೆ 9.78.

ಎರಡನ್ನೂ ಕೂಡಿಸಿದ್ರೆ ಒಟ್ಟು ಶಕ್ತಿ. ಅದು ತೂಗಾಟದ ಉದ್ದಕ್ಕೂ ಒಂದೇ ಇರುತ್ತೆ, ಬ್ಯಾಲೆನ್ಸ್ ಶೀಟ್ ಥರ. ಲಗ್ರಾಂಜ್ ಕೂಡಿಸಲ್ಲ, ಕಳೀತಾನೆ. ಚಲನಶಕ್ತಿ ಮೈನಸ್ ಪ್ರಚ್ಛನ್ನ ಶಕ್ತಿ. ಇದಕ್ಕೇ ಲಗ್ರಾಂಜಿಯನ್ ಅಂತ ಹೆಸರು. ಯಾಕೆ ಕಳೀಬೇಕು ಅನ್ನೋದಕ್ಕೆ ಚಂದದ ಉತ್ತರ ಬಂದದ್ದು 1830ರ ದಶಕದಲ್ಲಿ, ಐರ್ಲೆಂಡಿನ ಹ್ಯಾಮಿಲ್ಟನ್‌ನಿಂದ. ಇಲ್ಲಿಂದ ಅಲ್ಲಿಗೆ ಇಂತಿಷ್ಟು ಸಮಯದಲ್ಲಿ ಹೋಗೋಕೆ ಗುಂಡಿಗೆ ಸಾವಿರ ದಾರಿ ಕಲ್ಪಿಸ್ಕೊಳ್ಳಿ. ಪ್ರತಿ ದಾರಿಗೂ ಈ ವ್ಯತ್ಯಾಸಾನ ಕ್ಷಣಕ್ಷಣಕ್ಕೂ ಕೂಡಿಸ್ತಾ ಹೋಗಿ, ಒಂದು ಮೊತ್ತ ಬರುತ್ತೆ. ಪ್ರಕೃತಿ ಹಿಡಿಯೋ ದಾರಿ ಯಾವುದು ಅಂದ್ರೆ, ಅದನ್ನ ಒಂಚೂರು ಆಚೀಚೆ ಮಾಡಿದ್ರೂ ಮೊತ್ತ ಹೆಚ್ಚುಕಮ್ಮಿ ಹಾಗೇ ಇರೋ ದಾರಿ. ಕನಿಷ್ಠ ಮೊತ್ತದ ದಾರಿ ಅಂತ ಯೂಟ್ಯೂಬ್‌ನಲ್ಲಿ ಹೇಳ್ತಾರೆ, ಯಾವಾಗಲೂ ಕನಿಷ್ಠ ಆಗಿರಬೇಕು ಅಂತೇನಿಲ್ಲ.

ಈಗ ನಿಯಮ. ಬಿಕಾಂನಲ್ಲಿ ಮಾರ್ಜಿನಲ್ ಕಾಸ್ಟ್ ಓದಿದೀರಲ್ಲ? ಒಂದು ಯೂನಿಟ್ ಹೆಚ್ಚು ಮಾಡಿದ್ರೆ ಖರ್ಚು ಎಷ್ಟು ಏರುತ್ತೆ ಅನ್ನೋದು. ಅದೇ ಇಲ್ಲಿ ಎರಡು ಸಲ. ಕೋನವೇಗ ಒಂಚೂರು ಹೆಚ್ಚಿಸಿದ್ರೆ ಲಗ್ರಾಂಜಿಯನ್ ಎಷ್ಟು ಏರುತ್ತೆ? ರಾಶಿ, ಗುಣಿಸು ಉದ್ದದ ವರ್ಗ, ಗುಣಿಸು ಕೋನವೇಗ. ಕೋನ ಒಂಚೂರು ಹೆಚ್ಚಿಸಿದ್ರೆ? ಮೈನಸ್ ರಾಶಿ, ಗುಣಿಸು ಜಿ, ಗುಣಿಸು ಉದ್ದ, ಗುಣಿಸು ಕೋನದ ಸೈನ್. ನಿಯಮ ಹೇಳೋದು ಇಷ್ಟೇ: ಮೊದಲನೇದು ಕಾಲದ ಜೊತೆ ಬದಲಾಗೋ ದರ, ಎರಡನೇದಕ್ಕೆ ಸಮ. ಕೋನವೇಗ ಬದಲಾಗೋ ದರ ಅಂದ್ರೆ ಕೋನೀಯ ವೇಗೋತ್ಕರ್ಷ. ಹಾಗಾಗಿ:

ರಾಶಿ × ಉದ್ದದ ವರ್ಗ × ಕೋನೀಯ ವೇಗೋತ್ಕರ್ಷ = − ರಾಶಿ × ಜಿ × ಉದ್ದ × ಕೋನದ ಸೈನ್

ಎರಡೂ ಕಡೆ ರಾಶಿ ಇದೆ, ಹೊಡೆದುಹಾಕಿ. ಒಂದೊಂದು ಉದ್ದ ಇದೆ, ಅದನ್ನೂ ಹೊಡೆದುಹಾಕಿ. ಉಳಿಯೋದು:

ಕೋನೀಯ ವೇಗೋತ್ಕರ್ಷ = − (ಜಿ ÷ ಉದ್ದ) × ಕೋನದ ಸೈನ್

ಅಷ್ಟೇ. ಲೋಲಕದ ಚಲನೆಯ ಸಮೀಕರಣ ಇದು. ಕೋನ ಚಿಕ್ಕದಿದ್ರೆ, ಐದು ಡಿಗ್ರಿ ಒಳಗೆ ಅಂತಿಟ್ಕೊಳ್ಳಿ, ಸೈನ್‌ಗೂ ರೇಡಿಯನ್‌ನಲ್ಲಿ ಬರೆದ ಕೋನಕ್ಕೂ ಸಾವಿರಕ್ಕೆ ಒಂದರಷ್ಟೇ ವ್ಯತ್ಯಾಸ. ಸೈನ್ ಬದಲು ಕೋನಾನೇ ಬರೆದ್ರೆ, ಹೋಗಿ ಬರೋ ಕಾಲ ಎರಡು ಪೈ ಗುಣಿಸು, ಉದ್ದವನ್ನ ಜಿಯಿಂದ ಭಾಗಿಸಿದ್ದರ ವರ್ಗಮೂಲ. ನಿಮ್ಮ ರೆಕಾರ್ಡ್ ಬುಕ್‌ನ ಸೂತ್ರ ಇದೇ.

ರಾಶಿ ಹೊಡೆದುಹೋಯ್ತಲ್ಲ, ಕಥೆಯ ಗಂಟು ಅಲ್ಲಿದೆ. ಗುಂಡು ಸೀಸದ್ದೋ ಚಿನ್ನದ್ದೋ ಅಂತ ಲೋಲಕ ಕೇಳೋದಿಲ್ಲ. ಅದಕ್ಕೆ ಗೊತ್ತಿರೋದು ಎರಡೇ ವಿಷಯ, ಉದ್ದ ಮತ್ತು ಜಿ. ಉದ್ದ ನೀವು ಅಳೀಬಹುದು, ಕಾಲ ನಕ್ಷತ್ರ ನೋಡಿ ಅಳೀಬಹುದು. ಉಳಿದದ್ದು ಜಿ, ಅಂದ್ರೆ ನಿಮ್ಮ ಕಾಲ ಕೆಳಗಿನ ಭೂಮಿ. ವಾರನ್ ಮದ್ರಾಸಲ್ಲಿ ಅಳೆದದ್ದು ಅದನ್ನ. ಅಂದಹಾಗೆ, ಮೀಟರ್ ಅನ್ನೋ ಅಳತೆಯನ್ನೇ ಈ ಸೆಕೆಂಡ್ ಲೋಲಕದ ಉದ್ದ ಅಂತ ಇಟ್ಟುಬಿಡೋಣ ಅನ್ನೋ ಪ್ರಸ್ತಾಪ 1790ರಲ್ಲಿ ಫ್ರಾನ್ಸ್‌ನಲ್ಲಿ ಬಂದಿತ್ತು. ಊರಿಂದೂರಿಗೆ ಬದಲಾಗುತ್ತೆ ಅಂತ ಬಿಟ್ರು. 1791ರಲ್ಲಿ ಅದನ್ನ ಪಕ್ಕಕ್ಕಿಟ್ಟು ಭೂಮಿಯ ರೇಖಾಂಶವನ್ನ ಆರಿಸಿದ ಸಮಿತೀಲಿ ಲಗ್ರಾಂಜ್ ಕೂಡ ಇದ್ದ.

ನೀವೇ ಮಾಡಿ ನೋಡಬಹುದು. ಬಂಗಾರಪೇಟೇಲೋ ಉರಿಗಾಂನಲ್ಲೋ ಇದ್ರೆ, ಕೊಕ್ಕೆಯಿಂದ ಗುಂಡಿನ ನಡುವಿಗೆ ಸರಿಯಾಗಿ 99.1 ಸೆಂಟಿಮೀಟರ್ ಬರೋ ಹಾಗೆ ಒಂದು ನಟ್ ಕಟ್ಟಿ ತೂಗುಬಿಡಿ. ಮೊಬೈಲ್ ಸ್ಟಾಪ್‌ವಾಚ್ ಹಾಕಿ. ಆಚೆಯಿಂದ ಈಚೆಗೆ ಒಂದು ಸೆಕೆಂಡ್, ಈಚೆಯಿಂದ ಆಚೆಗೆ ಒಂದು ಸೆಕೆಂಡ್.

ವಾರನ್ ಮಾಡಿದ ಎರಡು ಕೆಲಸಕ್ಕೂ ಒಂದು ನಂಟಿದೆ, ಅವನ ಕಾಲಕ್ಕೆ ಅದು ಕಾಣೋ ಹಾಗಿರಲಿಲ್ಲ. ಕೋಲಾರದ ಚಿನ್ನ ಇರೋದು ಕಪ್ಪಗಿನ ಶಿಸ್ಟ್ ಕಲ್ಲಿನ ಉದ್ದನೆ ಪಟ್ಟೀಲಿ. ಆ ಕಲ್ಲಿನ ಸಾಂದ್ರತೆ ನೀರಿನ ಮೂರರಷ್ಟು. ಸುತ್ತ ಇರೋ ಬೆಣಚು ನೈಸ್ ಕಲ್ಲಿನದು 2.7ರ ಹತ್ರ. ಭಾರದ ಕಲ್ಲು ಇರೋ ಕಡೆ ಗುರುತ್ವ ಒಂದು ಕೂದಲೆಳೆ ಜಾಸ್ತಿ, ಲೋಲಕ ಅಲ್ಲಿ ಒಂದು ಕೂದಲೆಳೆ ಬೇಗ ತೂಗುತ್ತೆ. ಇವತ್ತು ಭೂವಿಜ್ಞಾನಿಗಳು ಗ್ರಾವಿಮೀಟರ್ ಹಿಡಿದು ಇಂಥ ಪಟ್ಟಿಗಳ ಆಕಾರ ಅಂದಾಜು ಮಾಡೋದು ಇದೇ ತತ್ತ್ವದ ಮೇಲೆ.

ವಾರನ್ ನಂತರ ಈ ಕೆಲಸಕ್ಕೆ ಪ್ರಾಣ ಕೊಟ್ಟವನೂ ಇದಾನೆ. ಕ್ಯಾಪ್ಟನ್ ಬಸೇವಿ. 1865ರಿಂದ ರಾಯಲ್ ಸೊಸೈಟಿಯ ಲೋಲಕಗಳನ್ನ ಹೊತ್ತುಕೊಂಡು ದೇಶ ಸುತ್ತಿದ. ಬೆಂಗಳೂರಲ್ಲೂ ತೂಗಿದ, ಮಂಗಳೂರಲ್ಲೂ ತೂಗಿದ. 1871ರಲ್ಲಿ ಲಡಾಖ್‌ನ ಮೋರೆ ಅನ್ನೋ ಬಯಲಲ್ಲಿ, 15 ಸಾವಿರ ಅಡಿಗೂ ಎತ್ತರದಲ್ಲಿ, ಅಳತೆ ಮಾಡಿದ, ಅದೇ ವರ್ಷ ತೀರಿಕೊಂಡ. ಹಿಮಾಲಯದಷ್ಟು ದೊಡ್ಡ ಕಲ್ಲಿನ ರಾಶಿ ಇದ್ರೂ ಅಲ್ಲಿ ಗುರುತ್ವ ನಿರೀಕ್ಷೆಗಿಂತ ಕಡಿಮೆ ಬಂತು. ಬೆಟ್ಟದ ಕೆಳಗೆ ಹಗುರ ಬೇರು ಇದೆ ಅನ್ನೋ ವಾದಕ್ಕೆ ಅದು ಬಲ ಕೊಡ್ತು.

ಇನ್ನು ಮೇಲಕ್ಕೆ ಹೋಗೋದು ಸಾಕು, ಕೆಳಕ್ಕೆ ಇಳಿಯೋಣ. ನಂದಿದುರ್ಗ. ನಂದಿ ಬೆಟ್ಟ ಅಲ್ಲ, ಅದು ಚಿಕ್ಕಬಳ್ಳಾಪುರದ ಕಡೆ. ಇದು ಆ ಹೆಸರಿಟ್ಟುಕೊಂಡ ಗಣಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ಲೋಕಲ್ ಹತ್ತಿದ್ರೆ ಈ ಗಣಿಗಳ ಸಾಲಿನ ಪಕ್ಕದಲ್ಲೇ ಹೋಗ್ತೀರಿ. ಚಾಂಪಿಯನ್ ರೀಫ್ 3,200 ಮೀಟರ್‌ವರೆಗೂ ಇಳಿದಿತ್ತು. ನಂದಿದುರ್ಗದಲ್ಲಿ ನಮಗೆ ಬೇಕಾದ ಜಾಗ 2,300 ಮೀಟರ್ ಆಳದ್ದು.

ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ತೂಕವೇ ಇಲ್ಲದ ಒಂದು ದಾರ ಸಿಕ್ಕಿ, 2,300 ಮೀಟರ್ ಇಳಿಬಿಟ್ಟು ಗುಂಡು ಕಟ್ಟಿದ್ರೆ, ಹೋಗಿ ಬರೋಕೆ 96 ಸೆಕೆಂಡ್. ಒಂದೂವರೆ ನಿಮಿಷ ದಾಟುತ್ತೆ! ನಿಜವಾದ ತಂತಿಗೆ ತನ್ನದೇ ತೂಕ ಇರುತ್ತೆ, ಅದೂ ಬಾಗುತ್ತೆ, ಆಗ ಈ ಸರಳ ಸೂತ್ರ ಸಾಲದು. ಆದ್ರೆ ವಿಧಾನ ಅದೇ: ತಂತಿ ಎಷ್ಟು ಥರ ಬಾಗಬಹುದೋ ಅಷ್ಟು ಸಂಖ್ಯೆ ಸೇರಿಸಿ, ಅದೇ ಎರಡು ಖಾತೆ, ಅದೇ ಕಳೆಯೋದು.

ಇನ್ನೊಂದು ಲೆಕ್ಕ. ಆ ತಳಕ್ಕೆ ಒಂದು ಲೋಲಕದ ಗಡಿಯಾರ ತಗೊಂಡು ಹೋದ್ರೆ? ಕೆಳಗೆ ಹೋದಷ್ಟೂ ಗುರುತ್ವ ಕಡಿಮೆ ಆಗಬೇಕು ಅಂತ ನಾವು ಅಂದ್ಕೋತೀವಿ. ಗಣಿಯಷ್ಟು ಆಳದಲ್ಲಿ ಹೆಚ್ಚಾಗುತ್ತೆ, ಯಾಕಂದ್ರೆ ಮೇಲಿನ ಕಲ್ಲು ಭೂಮಿಯ ಸರಾಸರಿಗಿಂತ ಹಗುರ, ಭಾರ ಎಲ್ಲಾ ನಡುವಲ್ಲಿದೆ. 1854ರಲ್ಲಿ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣೀಲಿ ಇದನ್ನ ಮಾಡಿ ತೋರಿಸಿದ. ಸುಮಾರು 380 ಮೀಟರ್ ಕೆಳಗೆ ಲೋಲಕ ದಿನಕ್ಕೆ ಎರಡು ಸೆಕೆಂಡ್ ಚಿಲ್ಲರೆ ಮುಂದೆ ಓಡ್ತು. ನಂದಿದುರ್ಗದ 2,300 ಮೀಟರ್‌ನಲ್ಲಿ, ಕಲ್ಲಿನ ಸಾಂದ್ರತೆ ಎಷ್ಟು ಇಟ್ಟುಕೊಳ್ತೀರಿ ಅನ್ನೋದರ ಮೇಲೆ, ದಿನಕ್ಕೆ 5ರಿಂದ 8 ಸೆಕೆಂಡ್ ಮುಂದೆ ಓಡಬೇಕು.

ಆ ಆಳದಲ್ಲಿ ನಿಜವಾಗಿ ನಡೆದ ಪ್ರಯೋಗಕ್ಕೂ ಲಗ್ರಾಂಜ್‌ಗೂ ಸಂಬಂಧ ಇದೆ, ಅದು ಬೇರೆ ರೀತೀದು. 1951ರಲ್ಲಿ ಹೋಮಿ ಭಾಭಾ ಅವರು ನಂಜನಗೂಡು ಕಡೆಯ ಯುವಕ ಬಿ.ವಿ. ಶ್ರೀಕಂಠನ್ ಅವರನ್ನ ಕೆಜಿಎಫ್‌ಗೆ ಕಳಿಸಿದ್ರು, ವಿಶ್ವಕಿರಣದ ಕಣಗಳು ಎಷ್ಟು ಆಳಕ್ಕೆ ತಲುಪುತ್ವೆ ಅಂತ ಅಳೆಯೋಕೆ. 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ತಂಡಗಳು ಸೇರಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳನ್ನ ಹಿಡಿದ್ವು. ಜಗತ್ತಲ್ಲೇ ಮೊದಲ ಸಲ ಅದು ಕಂಡ ಎರಡು ಜಾಗಗಳಲ್ಲಿ ಒಂದು ನಮ್ಮದು, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ.

ಆಮೇಲೆ 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಅನ್ನೋ ಇಬ್ಬರು ಒಂದು ಸಿದ್ಧಾಂತ ಮುಂದಿಟ್ರು: ಪ್ರೋಟಾನ್ ಶಾಶ್ವತ ಅಲ್ಲ, ಎಂದೋ ಒಂದು ದಿನ ಒಡೆಯುತ್ತೆ. ಇಂಥ ಸಿದ್ಧಾಂತವನ್ನ ಬರೆಯೋದು ಹೇಗೆ ಗೊತ್ತಾ? ಒಂದು ಲಗ್ರಾಂಜಿಯನ್ ಆಗಿ. ದಾರ, ಗುಂಡು ಹೋಗಿ ಕ್ಷೇತ್ರಗಳು ಬಂದಿವೆ, ಸಾಲು ಉದ್ದ ಆಗಿದೆ. ಆದ್ರೆ ಒಂಚೂರು ಆಚೀಚೆ ಮಾಡಿ ಮೊತ್ತ ಬದಲಾಗಬಾರದು ಅನ್ನೋ ನಿಯಮ ಅದೇ. ಲೋಲಕದ ಲಗ್ರಾಂಜಿಯನ್ ಸರಿಯೋ ಅಂತ ನೋಡೋಕೆ ಸ್ಟಾಪ್‌ವಾಚ್ ಸಾಕು. ಇದನ್ನ ನೋಡೋಕೆ 2,300 ಮೀಟರ್ ಕಲ್ಲು ಬೇಕು, ನೀರಿನ ಲೆಕ್ಕದಲ್ಲಿ ಸುಮಾರು 7 ಕಿಲೋಮೀಟರ್ ಆಳ. ವಿಶ್ವಕಿರಣದ ಗಲಾಟೆ ಅಲ್ಲಿ ಹೆಚ್ಚುಕಮ್ಮಿ ನಿಂತುಹೋಗುತ್ತೆ.

1980ರಲ್ಲಿ ನಂದಿದುರ್ಗ ಗಣೀಲಿ 140 ಟನ್ ಕಬ್ಬಿಣದ ಉಪಕರಣ ಕಾಯೋಕೆ ಶುರು ಮಾಡ್ತು. ಪ್ರೋಟಾನ್ ಒಡೆಯೋದನ್ನ ಹುಡುಕೋಕೆ ಅಂತಲೇ ಕಟ್ಟಿ ಓಡಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಅದು ಒಂದು. ಲೆಕ್ಕ ಸರಳ: ಒಂದು ಪ್ರೋಟಾನ್ ಒಡೆಯೋಕೆ 1ರ ಮುಂದೆ 31 ಸೊನ್ನೆ ಹಾಕಿದಷ್ಟು ವರ್ಷ ಬೇಕು ಅಂತಾದ್ರೆ, ಒಂದನ್ನ ಕಾಯೋಕೆ ಆಗಲ್ಲ. ಆದ್ರೆ 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 8ರ ಮುಂದೆ 31 ಸೊನ್ನೆಯಷ್ಟು ಕಣ ಇವೆ. ವರ್ಷಕ್ಕೆ ಎಂಟು ಸಲ ಏನಾದ್ರೂ ಕಾಣಬೇಕು. ಪ್ರೋಟಾನ್ ಒಡೆದಿರಬಹುದು ಅನ್ನೋ ಕೆಲವು ಗುರುತುಗಳನ್ನ ತಂಡ ವರದಿ ಮಾಡ್ತು, ಜಗತ್ತು ಕೆಜಿಎಫ್ ಕಡೆ ತಿರುಗಿ ನೋಡ್ತು. ಅಮೆರಿಕ, ಜಪಾನಿನ ದೊಡ್ಡ ಪ್ರಯೋಗಗಳಿಗೆ ಅದು ಕಾಣಲಿಲ್ಲ. ಇವತ್ತಿನವರೆಗೂ ಯಾರಿಗೂ ಕಂಡಿಲ್ಲ. ಆ ಮೊದಲ ಸರಳ ಲಗ್ರಾಂಜಿಯನ್ ಬಿದ್ದುಹೋಯ್ತು. ಸೋಲು ಅಂತ ನಾನು ಹೇಳಲ್ಲ. ಬರೆದ ಖಾತೆ ತಪ್ಪು ಅಂತ ಆಡಿಟ್‌ನಲ್ಲಿ ತೋರಿಸೋದೂ ಕೆಲಸಾನೇ, ಅದರಲ್ಲಿ ನಂದಿದುರ್ಗದ ಪಾಲಿದೆ.

ನನಗೆ ಹೊಟ್ಟೆ ಉರಿಯೋದು ಆಮೇಲಿನದ್ದಕ್ಕೆ. 1990ರ ದಶಕದ ಆರಂಭಕ್ಕೆ ಇಲ್ಲಿನ ಪ್ರಯೋಗ ನಿಂತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿಗಳೇ ಮುಚ್ಚಿದ್ವು. ಜಪಾನಿನ ಪ್ರಯೋಗ ಇದ್ದದ್ದೂ ಒಂದು ಹಳೇ ಗಣೀಲಿ, ಕಾಮಿಯೋಕಾ. ಅವರೂ ಪ್ರೋಟಾನ್ ಹುಡುಕೋಕೆ ಅಂತ ಶುರು ಮಾಡಿ, 1987ರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೋ ಹಿಡಿದ್ರು. ಅದಕ್ಕೆ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಆ ಗಣೀಲೂ ಅದಿರು ತೆಗೆಯೋದು 2001ರಲ್ಲೇ ನಿಂತಿತು, ಪ್ರಯೋಗ ಮಾತ್ರ ಇವತ್ತಿಗೂ ನಡೀತಿದೆ. ಅಲ್ಲಿ ಬೆಟ್ಟದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಇದೆ, ವಿಜ್ಞಾನಿಗಳು ಕಾರಲ್ಲೇ ಒಳಗೆ ಹೋಗ್ತಾರೆ. ನಂದಿದುರ್ಗಕ್ಕೆ ಇದ್ದದ್ದು ನೆಟ್ಟಗೆ ಇಳಿಯೋ ಶಾಫ್ಟು, ಹಗ್ಗಕ್ಕೆ ನೇತಾಡೋ ಕೇಜು, ಹಗಲೂ ರಾತ್ರಿ ನೀರೆತ್ತೋ ಪಂಪು. ಪಂಪ್ ನಿಂತ ಮೇಲೆ ನೀರು ಕೆಳಗಿನಿಂದ ಒಂದೊಂದೇ ಮಟ್ಟ ತುಂಬಿಕೊಂಡು ಬಂತು.